ಸೋಮ್ಸ್ ಕೆಟ್ಟವನು ಸರಿ, ಐರೀನ್ ಏನು ಕಮ್ಮಿ?

ಜಾನ್ ಗಾಲ್ಸ್‌ವರ್ದಿಯ ಮೂರು ಇಂಗ್ಲಿಷ್ ಕಾದಂಬರಿಗಳ ಸರಣಿ ‘ದಿ ಫೋರ್ಸೈಟ್ ಸಾಗಾ’ ಓದಿದವರಲ್ಲಿ ಎರಡು ಪಕ್ಷ ಇದ್ದೇ ಇರುತ್ತದೆ. ನಮ್ಮಕ್ಕ ಐರೀನ್ ಪಕ್ಷ. ನಾನು ಸುಮ್ನೆ ಬೆಂಕಿಗೆ ತುಪ್ಪ ಸುರಿಯುವವಳು.

ಸೋಮ್ಸ್ ಲಂಡನ್ನಿನ ವಕೀಲ. ಬೆಲೆಬಾಳುವ ಚಿತ್ರಗಳನ್ನು ಕೂಡಿಡುತ್ತಾನೆ, ಹೆಂಡತಿ ಐರೀನಳನ್ನೂ ಅದೇ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾನೆ. ರಾಬಿನ್ ಹಿಲ್‌ನಲ್ಲಿ ಮನೆ ಕಟ್ಟಿಸಿಕೊಟ್ಟ ವಾಸ್ತುಶಿಲ್ಪಿ ಬೊಸಿನ್ನಿ ಖರ್ಚು ಮೀರಿಸಿದ ಅಂತ 350 ಪೌಂಡಿಗೆ ಕೇಸು ಹಾಕುತ್ತಾನೆ. ಸಿಟ್ಟು ದುಡ್ಡಿನದಲ್ಲ, ಐರೀನ್ ಅವನ ಕಡೆ ವಾಲಿದ್ದಾಳೆ ಎನ್ನುವುದು. ಹೆಂಡತಿಯ ಮೇಲೇ ಬಲಾತ್ಕಾರ ಮಾಡುತ್ತಾನೆ. ಅದಕ್ಕೆ ಕ್ಷಮೆ ಇಲ್ಲ.

ಆದರೆ ಬೊಸಿನ್ನಿಗೆ ಮದುವೆ ಗೊತ್ತಾಗಿದ್ದದ್ದು ಜೂನ್ ಜೊತೆ, ಐರೀನಳ ಗೆಳತಿ ಅವಳು! ಇದನ್ನು ಎತ್ತಿದರೆ ಅಕ್ಕ ಕಾಫಿ ಮಾಡಲು ಎದ್ದು ಹೋಗುತ್ತಾಳೆ. ಐರೀನಳ ಮನಸ್ಸಿನೊಳಗೆ ಲೇಖಕ ನಮ್ಮನ್ನು ಬಿಡುವುದೇ ಇಲ್ಲ. ಬೇರೆಯವರ ಕಣ್ಣಲ್ಲೇ ಅವಳನ್ನು ನೋಡಬೇಕು. ಬೇಕಂತಲೇ ಹಾಗೆ ಬರೆದಿದ್ದಾನೆ, ಆದರೂ ನನಗೆ ಅದು ಕೊರತೆಯೇ.

ನನ್ನನ್ನು ಅಲ್ಲಾಡಿಸಿದ್ದು ಮೂರನೇ ಕಾದಂಬರಿ. ಸೋಮ್ಸ್‌ನ ಎರಡನೇ ಮದುವೆಯ ಮಗಳು ಫ್ಲರ್‌ಗೆ ಐರೀನಳ ಎರಡನೇ ಮದುವೆಯ ಮಗನ ಮೇಲೇ ಮನಸ್ಸಾಗಿದೆ. ಯಾವ ಮನೆಯಿಂದ ಎಲ್ಲ ಹಾಳಾಯಿತೋ ಆ ರಾಬಿನ್ ಹಿಲ್‌ಗೇ ಸೋಮ್ಸ್ ಮಗಳಿಗಾಗಿ ಹೋಗಿ ನಿಲ್ಲುತ್ತಾನೆ. ಅಲ್ಲಿ ಪಾಪ ಅನ್ನಿಸದಿದ್ದರೆ ಹೇಗೆ, ಅಲ್ವಾ?

ಮೂರೂ ಸೇರಿ ಒಂದೇ ಪುಸ್ತಕವಾಗಿ ಬಂದದ್ದು 1922ರಲ್ಲಿ. ಶುರುವಿನಲ್ಲಿ ಚಿಕ್ಕಪ್ಪ, ದೊಡ್ಡಪ್ಪ, ಅತ್ತೆಯರ ಸಂತೆ ಜಾಸ್ತಿ. ವಂಶವೃಕ್ಷ ಇರುವ ಪ್ರತಿಯನ್ನೇ ಕೊಳ್ಳಿ.