ಅಡುಗೆಮನೆಯ ಮೂಲೆ ಕಪಾಟು: ಏಳು ಮಳೆಗಾಲಗಳ ಬಳಕೆಯ ನಂತರ

ಸಾಗರ ಪಟ್ಟಣದ ಸಮೀಪವಿರುವ ನಮ್ಮ ಮನೆಯ ಅಡುಗೆಕಟ್ಟೆ ಎಲ್ ಆಕಾರದ್ದು. ಎರಡು ಕಟ್ಟೆಗಳು ಕೂಡುವ ಜಾಗದ ಕೆಳಗೆ, ಕೈ ಹಾಕಿದರೂ ಕೊನೆ ಸಿಗದ ಒಂದು ಕತ್ತಲೆಯ ಮೂಲೆಯಿತ್ತು. ಇಡ್ಲಿ ಪಾತ್ರೆ, ಹಬ್ಬಕ್ಕೆ ಮಾತ್ರ ಬೇಕಾಗುವ ದೊಡ್ಡ ಬೋಗುಣಿ, ಸಂಡಿಗೆಯ ಡಬ್ಬ ಎಲ್ಲವೂ ಅಲ್ಲಿಗೆ ಸೇರುತ್ತಿದ್ದವು. ತೆಗೆಯಬೇಕೆಂದರೆ ನೆಲದ ಮೇಲೆ ಕುಳಿತು ಟಾರ್ಚ್ ಹಿಡಿಯಬೇಕಿತ್ತು. ಮಂಡಿನೋವಿರುವ ನಮ್ಮ ಅತ್ತೆಯವರಿಗಂತೂ ಆ ಮೂಲೆ ಇದ್ದೂ ಇಲ್ಲದಂತಾಗಿತ್ತು. 2018ರ ಏಪ್ರಿಲ್‌ನಲ್ಲಿ, ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಯಲಿ ಎಂದು, ಊರಿನ ಬಡಗಿಯೊಬ್ಬರಿಂದ ಅಲ್ಲಿಗೆ ತಿರುಗುವ ತಟ್ಟೆಗಳ ಮೂಲೆ ಕಪಾಟನ್ನು ಮಾಡಿಸಿದೆವು. ಪ್ಲೈವುಡ್, ಲ್ಯಾಮಿನೇಟ್, ತಟ್ಟೆಗಳು, ಕೂಲಿ ಸೇರಿ ಸುಮಾರು 28,000 ರೂಪಾಯಿ ಖರ್ಚಾಯಿತು. ಅದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತಟ್ಟೆಗಳ ಜೋಡಿಗೇ ಹೋಯಿತು.

ಎರಡೂ ಗೋಡೆಗಳ ಉದ್ದಕ್ಕೆ ಕಪಾಟು 3 ಅಡಿ ಬರುತ್ತದೆ, ಆಳ 22 ಇಂಚು. ಮುಂದೆ ಉಳಿಯುವ 14 ಇಂಚಿನ ಎರಡು ತೆರಪುಗಳಿಗೆ, ಒಂದಕ್ಕೊಂದು ಜೋಡಿಸಿದ ಎರಡು ಮಡಚುವ ಬಾಗಿಲುಗಳು. ಒಳಗೆ ನಡುಗಂಬಕ್ಕೆ ಸಿಕ್ಕಿಸಿದ ಎರಡು ತಟ್ಟೆಗಳಿದ್ದು, ಬಾಗಿಲಿನ ಬದಿಗೆ ಕಾಲುಭಾಗ ಕತ್ತರಿಸಿದಂತಿವೆ. ಸುತ್ತಳತೆಯಲ್ಲಿ ನೋಡಿದರೆ ಮುಕ್ಕಾಲು ವೃತ್ತ.

ಮಾಡಿಸುವವರು ಗಮನಿಸಬೇಕಾದ ಮೊದಲ ಸಂಗತಿ ಮರವಲ್ಲ, ಗೋಡೆ. ನಮ್ಮ ಬಡಗಿ ಬಂದವರೇ ಮೂಲೆಯಿಂದ ಒಂದು ಗೋಡೆಯ ಮೇಲೆ 3 ಅಡಿಗೆ, ಇನ್ನೊಂದರ ಮೇಲೆ 4 ಅಡಿಗೆ ಪೆನ್ಸಿಲ್ ಗುರುತು ಹಾಕಿ, ಎರಡು ಗುರುತುಗಳ ನಡುವೆ ಟೇಪು ಹಿಡಿದರು. ಮೂಲೆ ನೇರವಾಗಿದ್ದರೆ, ಅಂದರೆ 90 ಡಿಗ್ರಿ ಇದ್ದರೆ, ಅಲ್ಲಿ ಸರಿಯಾಗಿ 5 ಅಡಿ ಬರಬೇಕು. ನಮ್ಮಲ್ಲಿ 5 ಅಡಿ 1 ಇಂಚು ಬಂತು. ಒಂದೇ ಇಂಚು ಎನಿಸಿದರೂ ಅದರ ಅರ್ಥ ಮೂಲೆ 92 ಡಿಗ್ರಿಯಷ್ಟು ಬಿಚ್ಚಿಕೊಂಡಿದೆ ಎಂದು. ಕಪಾಟನ್ನು ಒಂದು ಗೋಡೆಗೆ ಒತ್ತಿ ನಿಲ್ಲಿಸಿದರೆ, 3 ಅಡಿ ಮುಗಿಯುವ ಹೊತ್ತಿಗೆ ಇನ್ನೊಂದು ಗೋಡೆ ಒಂದೂಕಾಲು ಇಂಚು ದೂರ ಸರಿದಿರುತ್ತದೆ. ಗೋಡೆಗೆ ಹೊಂದುವಂತೆಯೇ ಬಾಕ್ಸನ್ನು ಮಾಡಬಹುದಲ್ಲವೇ ಎಂದು ನಾನು ಕೇಳಿದೆ. "ಗೋಡೆ ಓರೆ ಇದೆ ಅಕ್ಕ, ಬಾಕ್ಸ್ ಓರೆ ಆಗಬಾರದು. ತಟ್ಟೆ ತಿರುಗಬೇಕಲ್ಲ" ಎಂದರು. ಬಾಕ್ಸನ್ನು ಮೂಲೆಮಟ್ಟಕ್ಕೆ ನೇರವಾಗಿ ಕಟ್ಟಿ, ಕೊನೆಯಲ್ಲಿ ಉಳಿದ ಸಂದಿಯನ್ನು ಓರೆಯಾಗಿ ಸೀಳಿದ ಒಂದು ಪಟ್ಟಿಯಿಂದ ಮುಚ್ಚಿದರು. ಇಂದಿಗೂ ತಟ್ಟೆಗಳು ಎಲ್ಲಿಯೂ ತಾಗದೆ ಒಂದು ಬೆರಳಿಗೆ ತಿರುಗುವುದಕ್ಕೆ ಆ ನಿರ್ಧಾರವೇ ಕಾರಣವೆಂದು ನಾನು ನಂಬಿದ್ದೇನೆ. ಮೂಲೆ ಒಳಮುಖವಾಗಿ ಮುಚ್ಚಿಕೊಂಡಿದ್ದರೆ ಕಷ್ಟ ಇನ್ನೂ ಹೆಚ್ಚು, ನೇರವಾದ ಬಾಕ್ಸ್ ಮೂಲೆಯವರೆಗೆ ಹೋಗುವುದೇ ಇಲ್ಲ. ಆದ್ದರಿಂದ ಗೋಡೆಯನ್ನು ಅಳೆಯದೆ ಅಂಗಡಿಯಲ್ಲಿ ಸಿದ್ಧ ಕಪಾಟನ್ನು ಕೊಳ್ಳುವುದು ನನ್ನ ಮಟ್ಟಿಗೆ ಸರಿಯಲ್ಲ.

ಬಾಕ್ಸಿಗೆ ಬಳಸಿದ್ದು ಐಎಸ್ 710 (ಭಾರತೀಯ ಮಾನಕ) ಗುರುತಿನ 18 ಮಿಲಿಮೀಟರ್ ಮೆರೈನ್ ಪ್ಲೈವುಡ್. 72 ಗಂಟೆ ಕುದಿಯುವ ನೀರಿನ ಪರೀಕ್ಷೆಯನ್ನು ತಾಳಬೇಕಾದ ದರ್ಜೆ ಅದು. ಏಳು ಮಳೆಗಾಲ ಕಳೆದರೂ ಎಲ್ಲಿಯೂ ಪದರ ಬಿಟ್ಟಿಲ್ಲ. ನೆಲದ ಬಳಿಯ ಅಡ್ಡಪಟ್ಟಿಗೆ ಮಾತ್ರ ಉಳಿದಿದ್ದ ಸಾಧಾರಣ ಪ್ಲೈವುಡ್ ತುಂಡನ್ನು ಹಾಕಿದ್ದರು. ನೆಲ ಒರೆಸುವ ನೀರಿಗೇ ಅದು ಎರಡನೆಯ ವರ್ಷ ಉಬ್ಬಿ, ಕೈಯಲ್ಲಿ ಹಿಡಿದರೆ ಉದುರುವಂತಾಯಿತು. ಅದನ್ನು ಕಿತ್ತು ಪಿವಿಸಿ ಪಟ್ಟಿ ಹಾಕಿಸಿದ ಮೇಲೆ ತೊಂದರೆಯಿಲ್ಲ.

ಮಲೆನಾಡಿನವರು ಪ್ಲೈವುಡ್ಡಿನ ದರ್ಜೆಗಿಂತ ಹೆಚ್ಚು ಯೋಚಿಸಬೇಕಾದದ್ದು ಗಾಳಿಯ ವಿಷಯವನ್ನು. ನಮ್ಮ ಅಡುಗೆಮನೆಯ ಪಡುವಣ ಗೋಡೆ ಜುಲೈನಲ್ಲಿ ಮಳೆಯ ಇರಚಲಿಗೆ ನೆನೆದು ಥಂಡಿ ಹಿಡಿಯುತ್ತದೆ. ಮೊದಲ ವರ್ಷ ಬಾಗಿಲು ತೆರೆದರೆ ಮುಗ್ಗಲು ವಾಸನೆ. ಹಿಂಬದಿಯ ಹಲಗೆಯ ಮೇಲೆ ಹಸಿರು ಮಿಶ್ರಿತ ಬಿಳಿ ಬೂಷ್ಟು ಹುಡಿ ಚೆಲ್ಲಿದಂತೆ ಹರಡಿತ್ತು. ಮಳೆ ನಿಂತ ಮೇಲೆ ಬಡಗಿಯವರು ಬಂದು, ಕಪಾಟನ್ನು ಪಡುವಣ ಗೋಡೆಯಿಂದ ಒಂದು ಇಂಚು ಮುಂದಕ್ಕೆ ಸರಿಸಿ, ಹಿಂಬದಿಯ ಹಲಗೆಯ ಮೇಲೆ ಮತ್ತು ಕೆಳಗೆ ಗಾಳಿಯಾಡುವ ತೂತುಗಳನ್ನು ಕೊರೆದು, ಜಿರಳೆ ಬಾರದಂತೆ ಅವಕ್ಕೆ ಸಣ್ಣ ಜಾಲರಿ ಹೊಡೆದರು. ಅಲ್ಲಿಂದೀಚೆಗೆ ಬೂಷ್ಟು ಬಂದಿಲ್ಲ. ಇದನ್ನು ಮೊದಲ ದಿನವೇ ಮಾಡಿಸಬೇಕಿತ್ತು.

ಬಾಗಿಲಿನ ವಿಚಾರದಲ್ಲಿ ನನಗೆ ಪೂರ್ಣ ತೃಪ್ತಿಯಿಲ್ಲ. ಎರಡನೆಯ ಹಲಗೆಯ ಭಾರವೆಲ್ಲ ಮೊದಲನೆಯದರ ಹಿಂಜ್‌ಗಳ ಮೇಲೆಯೇ ಬೀಳುತ್ತದೆ, ನಾವು ಹಾಕಿಸಿದ್ದು ಎರಡೇ ಹಿಂಜ್. ಮೂರನೆಯ ವರ್ಷ ಸ್ಕ್ರೂಗಳು ಸಡಿಲಗೊಂಡು ಬಾಗಿಲು ಜಗ್ಗಿ, ಕೆಳಗಿನ ಅಂಚು ಉಜ್ಜತೊಡಗಿತು. ದೊಡ್ಡದಾಗಿದ್ದ ತೂತುಗಳಿಗೆ ಬಿದಿರಿನ ಕಡ್ಡಿಯನ್ನು ಅಂಟಿನೊಡನೆ ಬಡಿದು ತುಂಬಿಸಿ, ಮತ್ತೆ ಸ್ಕ್ರೂ ಬಿಗಿದು, ನಡುವೆ ಮೂರನೆಯ ಹಿಂಜ್ ಸೇರಿಸಿದ ಮೇಲೆ ಸರಿಯಾಗಿದೆ.

ತಟ್ಟೆಗಳು ಮಾತ್ರ ನಮ್ಮ ದಿನಚರಿಯನ್ನೇ ಬದಲಿಸಿದವು. ಅತ್ತೆಯವರು ಈಗ ಸ್ಟೂಲಿನ ಮೇಲೆ ಕುಳಿತು, ತಟ್ಟೆಯನ್ನು ತಿರುಗಿಸಿ, ಬೇಕಾದ ಡಬ್ಬವನ್ನು ಯಾರನ್ನೂ ಕರೆಯದೆ ತೆಗೆದುಕೊಳ್ಳುತ್ತಾರೆ. ಇದಕ್ಕಾಗಿ ಕೊಟ್ಟ ಹಣ ನನಗೆ ಎಂದೂ ಹೆಚ್ಚೆನಿಸಿಲ್ಲ. ಗುಂಡಗಿನ ತಟ್ಟೆಯಾದ್ದರಿಂದ ಕಪಾಟಿನ ಮೂಲೆಗಳಲ್ಲಿ ಒಂದಿಷ್ಟು ಜಾಗ ವ್ಯರ್ಥವಾಗುವುದು ನಿಜ, ಎತ್ತರದ ಬಾಟಲಿಗಳು ತಿರುಗಿಸುವಾಗ ಉರುಳುವುದೂ ಉಂಟು.

ನಮ್ಮ ತಪ್ಪು ಕ್ರೋಮ್ ಲೇಪದ ತಂತಿಯ ತಟ್ಟೆಯನ್ನು ಆರಿಸಿದ್ದು. ಕೆಳಗಿನ ತಟ್ಟೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಇಡುತ್ತೇವೆ. ಬಾಯಿಂದ ಇಳಿದ ಉಪ್ಪುನೀರು ಭರಣಿಯ ಬುಡದಲ್ಲಿ ನಿಂತು, ಅಷ್ಟಗಲಕ್ಕೆ ಲೇಪ ಎದ್ದು ಕಂದು ಬಣ್ಣದ ತುಕ್ಕಿನ ಉಂಗುರ ಮೂಡಿದೆ. ನಡುಗಂಬ ಮತ್ತು ಅದರ ಬೇರಿಂಗ್ ಚೆನ್ನಾಗಿಯೇ ಇರುವುದರಿಂದ ತಟ್ಟೆಯನ್ನಷ್ಟೇ ಬದಲಿಸಿದರೆ ಸಾಕೆಂದು ಬಡಗಿಯವರು ಹೇಳಿದ್ದಾರೆ. ಎರಡೂ ಬದಿಗೆ ಲ್ಯಾಮಿನೇಟ್ ಹಚ್ಚಿದ ಮೆರೈನ್ ಪ್ಲೈವುಡ್ ತಟ್ಟೆಯನ್ನು, ಅಂಚಿಗೆ ಎರಡು ಇಂಚಿನ ಕಟ್ಟು ಕೊಟ್ಟು, ಈ ಬೇಸಿಗೆಯಲ್ಲಿ ಮಾಡಿಸಲಿದ್ದೇವೆ. ಅಲ್ಲಿಯವರೆಗೆ ಭರಣಿಯ ಕೆಳಗೆ ಒಂದು ಸ್ಟೀಲ್ ತಟ್ಟೆ ಇಟ್ಟಿದ್ದೇನೆ.