ಹಿಂಗಾರಿನ ಮೆಕ್ಕೆಜೋಳ: ಕೈಗಳೆ, ಟೆಂಬೋಟ್ರಿಯೋನ್, ಅಟ್ರಜಿನ್ ಮೂರನ್ನೂ ಮಾಡಿ ನೋಡಿದೆ

ಮೂರು ಹಿಂಗಾರಿನಲ್ಲಿ ಮೂರು ಥರ ಕಳೆ ತೆಗೆದಿದ್ದೇನೆ. ಮೊದಲ ವರ್ಷ ಬರೀ ಕೈಗಳೆ. ಎರಡನೇ ವರ್ಷ ಕಳೆ ಹುಟ್ಟಿದ ಮೇಲೆ ಹೊಡೆಯುವ ಟೆಂಬೋಟ್ರಿಯೋನ್. ಹೋದ ವರ್ಷ ಬಿತ್ತಿದ ಕೂಡಲೇ ಅಟ್ರಜಿನ್ ಅನ್ನೋ ಕಳೆನಾಶಕ, ಆಮೇಲೆ ಒಂದು ಸಲ ಎಡೆಕುಂಟೆ (ಸಾಲಿನ ನಡುವೆ ಎಳೆಯುವ ಕುಂಟೆ). ನನಗೆ ಹಿಡಿಸಿದ್ದು ಈ ಕೊನೆಯದು.

ಕೈಗಳೆಯಲ್ಲಿ ಹೊಲ ಚೊಕ್ಕ ಆಗುತ್ತದೆ. ಆದರೆ ಬೇಕಾದ ದಿನ ಆಳು ಸಿಗುವುದಿಲ್ಲ, ಅಷ್ಟೇ.

ಟೆಂಬೋಟ್ರಿಯೋನ್ ಕೆಟ್ಟ ಔಷಧಿಯಲ್ಲ. ಎಕರೆಗೆ 115 ಮಿಲಿ, ಜೊತೆಗೆ ಎಲೆಗೆ ಅಂಟಿಸುವ ದ್ರಾವಣ. ಕಳೆ 2ರಿಂದ 4 ಎಲೆಯಲ್ಲಿದ್ದಾಗ ಹೊಡೆದರೆ ಬೆಳ್ಳಗಾಗಿ ಸಾಯುತ್ತದೆ. ನನ್ನನ್ನು ಕೆಡಿಸಿದ್ದು ಆ 4 ಎಲೆಯ ಲೆಕ್ಕ. ಮಳೆಗಾಲದಲ್ಲಿ ಮೆಕ್ಕೆಜೋಳ ಬೇಗ ಎದ್ದು ಸಾಲಿಗೆ ನೆರಳು ಕೊಡುತ್ತದೆ. ಚಳಿಯಲ್ಲಿ ಪೈರು ಕುಂತಲ್ಲೇ ಕುಂತಿರುತ್ತದೆ, ಚಕ್ಕೋತ ಸೊಪ್ಪಿನಂಥ ಕಳೆ ಮಾತ್ರ ಏಳುತ್ತಲೇ ಇರುತ್ತದೆ. ನಾನು ಪೈರು ನೋಡಿ ದಿನ ಎಣಿಸಿದೆ. ಕಳೆಯ ಎಲೆ ಎಣಿಸಬೇಕಿತ್ತು. ಬೆಳಿಗ್ಗೆ ಇಬ್ಬನಿ ಆರಲಿ ಅಂತ ಕಾದರೆ, ಆರುವ ಹೊತ್ತಿಗೆ ಗಾಳಿ ಶುರು. ಹಾಗೇ ಒಂದು ವಾರ ಹೋಯಿತು.

ಹೊಡೆದಾಗ ಕಳೆ 7-8 ಎಲೆ ಬಿಟ್ಟಿತ್ತು. ಬೆಳ್ಳಗಾಯಿತು, ಸತ್ತಿತು ಅಂದುಕೊಂಡೆ. ಆ ಧೈರ್ಯದಲ್ಲಿ ಮೊದಲ ಮೇಲುಗೊಬ್ಬರಕ್ಕೆ ಯೂರಿಯಾ ಎರಚಿ ನೀರು ಬಿಟ್ಟೆ. ಹತ್ತು ದಿನ ಆಗುವುದರೊಳಗೆ ಕಳೆಯ ಬುಡದಿಂದ ಹಸಿರು ಚಿಗುರು! ಜೋಳದ ಕೆಳಗಿನ ಎಲೆಗಳು ಮಾತ್ರ ತುದಿಯಿಂದ ನಡುನರದ ಗುಂಟ ಹಳದಿಯಾಗತೊಡಗಿದವು. ಅದು ಸಾರಜನಕ ಸಾಲದ ಗುರುತು. ದುಡ್ಡು ಕೊಟ್ಟು ತಂದ ಗೊಬ್ಬರವನ್ನು ಕಳೆ ತಿನ್ನುವುದನ್ನು ನೋಡುತ್ತಾ ನಿಲ್ಲುವುದು ತುಂಬಾ ಸಂಕಟ. ಆಮೇಲೆ ಆಳು ಹಿಡಿದು ಕೈಗಳೆ ಮಾಡಿಸಿದೆ. ಎರಡೆರಡು ಖರ್ಚು.

ಹೋದ ವರ್ಷ ನೀರು ಹಾಯಿಸಿ, ಹದ ನೋಡಿ ಬಿತ್ತಿದೆ. ಮಾರನೇ ದಿನವೇ ಶೇ. 50ರ ಅಟ್ರಜಿನ್ ಪುಡಿ ಎಕರೆಗೆ 800 ಗ್ರಾಂ, 200 ಲೀಟರ್ ನೀರಲ್ಲಿ. ಮೇಲ್ಮಣ್ಣು ಒಣಗಿದ್ದರೆ ಇದು ಕೆಲಸ ಮಾಡುವುದಿಲ್ಲ. ಪುಡಿ ತಳ ಹಿಡಿಯುತ್ತದೆ, ಟ್ಯಾಂಕ್ ಅಲ್ಲಾಡಿಸುತ್ತಲೇ ಇರಬೇಕು. ಜೇಕು ಕಳೆ ಮಾತ್ರ ಇದಕ್ಕೆ ಸಾಯುವುದಿಲ್ಲ.

ಉಳಿದ ಕಳೆಗೆ ಎಡೆಕುಂಟೆ. ಪೈರು ಮೊಣಕಾಲೆತ್ತರ ಬಂದಾಗ ಬುಡದಿಂದ ಸ್ವಲ್ಪ ದೂರಕ್ಕೆ ಯೂರಿಯಾ ಉದುರಿಸಿ, ಹಿಂದೆಯೇ ಎಡೆ ಹೊಡೆದೆ. ಕಳೆ ಕಿತ್ತು ಬಂತು, ಗೊಬ್ಬರದ ಮೇಲೆ ಮಣ್ಣು ಬಿತ್ತು, ಗಿಡದ ಬುಡಕ್ಕೂ ಮಣ್ಣು ಏರಿತು. ಮೇಲೇ ಬಿದ್ದಿರುವ ಯೂರಿಯಾದಿಂದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಅಲ್ವಾ? ಅದೂ ತಪ್ಪಿತು. ಸಾರಜನಕವನ್ನು ಮೂರು ಪಾಲು ಮಾಡಿದ್ದೆ: ಬಿತ್ತುವಾಗ, ಈ ಮೊಣಕಾಲೆತ್ತರದಲ್ಲಿ, ಸೂಲಂಗಿ (ತುದಿಯ ಗಂಡು ಹೂ) ಬರುವ ಮುಂಚೆ. ಯೂರಿಯಾ ಕಾಳು ಸುಳಿಗೆ ಬೀಳದ ಹಾಗೆ ನೋಡಿಕೊಳ್ಳಿ, ಎಲೆ ಸುಡುತ್ತದೆ.

ಚಳಿಯಲ್ಲಿ ಎಳೆ ಎಲೆ ನೇರಳೆ ಬಣ್ಣಕ್ಕೆ ತಿರುಗಿದರೆ ಗಾಬರಿಯಿಂದ ಸುಮ್ನೆ ಯೂರಿಯಾ ಹಾಕಬೇಡಿ. ಅದು ರಂಜಕದ್ದು. ತಣ್ಣನೆ ಮಣ್ಣಲ್ಲಿ ಬೇರಿಗೆ ರಂಜಕ ಸರಿಯಾಗಿ ಸಿಗುವುದಿಲ್ಲ. ರಂಜಕ ಇರುವ ಡಿಎಪಿ ಗೊಬ್ಬರವನ್ನು ಬಿತ್ತುವಾಗಲೇ ಕೊಟ್ಟುಬಿಡಿ. ಸತುವಿನ ಸಲ್ಫೇಟ್ ಬೇರೆಯಾಗಿ ಹಾಕಿ, ಡಿಎಪಿ ಜೊತೆ ಬೆರೆಸಬೇಡಿ.

ನನಗೆ ದಿನಾ ಹೊಲಕ್ಕೆ ಹೋಗಿ ಕಳೆಯ ಎಲೆ ಎಣಿಸಲು ಆಗುವುದಿಲ್ಲ, ಅಟ್ರಜಿನ್ ಖರ್ಚೂ ಕಡಿಮೆ. ಹಾಗಾಗಿ ಈ ಸಲವೂ ಅದೇ. ನೀವು ದಿನಾ ಹೋಗುವವರಾದರೆ ಟೆಂಬೋಟ್ರಿಯೋನ್ ಧೈರ್ಯವಾಗಿ ಹೊಡೆಯಬಹುದು. ಸಾಲಿನ ನಡುವೆ ಬೇಳೆಕಾಳು ಹಾಕುವ ಯೋಚನೆ ಇದ್ದರೆ ಅಟ್ರಜಿನ್ ಮುಟ್ಟಲೇಬೇಡಿ, ಆ ಬೆಳೆಯನ್ನೂ ಅದು ಸುಡುತ್ತದೆ. ಜೋಳ ಕೊಯ್ದ ಮೇಲೆ ತರಕಾರಿ ಇಡುವವರಿಗೂ ಇದೇ ಮಾತು, ಮಣ್ಣಲ್ಲಿ ಅದರ ಅಂಶ ಉಳಿದಿರುತ್ತದೆ. ನಾನು ಜೋಳದ ಹಿಂದೆ ಮತ್ತೆ ಜೋಳವನ್ನೇ ಹಾಕುತ್ತೇನೆ.