ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಪೋಸ್ಟ್‌ಫಿಕ್ಸ್‌ನ ಅಲಿಯಾಸ್ ಸೌಲಭ್ಯ

ಇಳಕಲ್ಲಿನ ನಮ್ಮ ಸೀರೆ ಅಂಗಡಿಯ ಮೇಲ್ ಸರ್ವರಿನಲ್ಲಿ ಮೂರು ವರ್ಷಗಳಿಂದ ಪೋಸ್ಟ್‌ಫಿಕ್ಸ್ ಬಳಸುತ್ತಿದ್ದೇವೆ. ವೀಟ್ಸೆ ವೆನೆಮಾ ಅವರು ಐಬಿಎಂನಲ್ಲಿ ರೂಪಿಸಿದ, 1998ರಲ್ಲಿ ಬಿಡುಗಡೆಯಾದ ಇಮೇಲ್ ರವಾನಿಸುವ ಈ ಉಚಿತ ತಂತ್ರಾಂಶದ ಅಲಿಯಾಸ್ ಸೌಲಭ್ಯವನ್ನು ಕುರಿತು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ‘ಅಲಿಯಾಸ್’ ಎಂಬ ಶಬ್ದವನ್ನು ಅದುವರೆಗೆ ನಾನು ಓದಿದ್ದು ಪತ್ರಿಕೆಯ ಅಪರಾಧ ಸುದ್ದಿಗಳಲ್ಲಿ ಮಾತ್ರ. ಮೇಲ್ ಸರ್ವರಿನಲ್ಲಿ ಅದರ ಕೆಲಸ, ಸ್ವಂತ ಪೆಟ್ಟಿಗೆಯಿಲ್ಲದ ವಿಳಾಸಕ್ಕೆ ಬಂದ ಪತ್ರವನ್ನು ಪೆಟ್ಟಿಗೆಯುಳ್ಳವರಿಗೆ ಮುಟ್ಟಿಸುವುದು.

‘ಅಲಿಯಾಸಸ್’ ಎಂಬ ಕಡತದಲ್ಲಿ ‘ಆರ್ಡರ್ಸ್’ ಎಂದು ಬರೆದು, ಮುಂದೆ ಕೋಲನ್ ಹಾಕಿ, ಇಬ್ಬರ ಹೆಸರುಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಬರೆದರೆ, ಗೋಮಿ ದಡಿಯ ಸೀರೆ ಕೇಳಿದ ಪತ್ರ ಇಬ್ಬರಿಗೂ ತಲುಪುತ್ತದೆ. ಆದರೆ ಪೋಸ್ಟ್‌ಫಿಕ್ಸ್ ಓದುವುದು ಆ ಕಡತವನ್ನಲ್ಲ, ‘ನ್ಯೂಅಲಿಯಾಸಸ್’ ಆಜ್ಞೆಯಿಂದ ತಯಾರಾಗುವ ಡೇಟಾಬೇಸನ್ನು. ದೀಪಾವಳಿಯ ಮುಂಚೆ ಕೆಲಸ ಬಿಟ್ಟ ಹುಡುಗನ ಹೆಸರನ್ನು ಅಳಿಸಿದ ನಾನು ಆ ಆಜ್ಞೆಯನ್ನು ಮರೆತದ್ದರಿಂದ ಎರಡು ದಿನಗಳ ಆರ್ಡರುಗಳು ಅವನ ಪೆಟ್ಟಿಗೆಯಲ್ಲಿಯೇ ಬಿದ್ದವು. ಡೇಟಾಬೇಸ್ ಮೂಲ ಕಡತಕ್ಕಿಂತ ಹಳೆಯದಾಗಿದೆ ಎಂಬ ಎಚ್ಚರಿಕೆ ಸರ್ವರಿನ ದಿನಚರಿಯಾದ ಲಾಗ್ ಕಡತದಲ್ಲಿ ಸಾಲುಸಾಲಾಗಿ ದಾಖಲಾಗಿತ್ತು; ನೋಡದಿದ್ದವನು ನಾನು.

ಸಗಟು ವ್ಯಾಪಾರಕ್ಕೆಂದು ಎರಡನೆಯ ಡೊಮೇನ್ ತೆಗೆದುಕೊಂಡಾಗ ಈ ಕಡತದ ಮಿತಿ ತಿಳಿಯಿತು. ಅದು ಸ್ಥಳೀಯ ವಿತರಣೆಗೆ, ಎಂದರೆ ಸರ್ವರ್ ತನ್ನದೇ ಬಳಕೆದಾರರಿಗೆ ಹಂಚುವ ಪತ್ರಗಳಿಗೆ ಮಾತ್ರ ಅನ್ವಯಿಸುತ್ತದೆ ಮತ್ತು ‘@’ ಚಿಹ್ನೆಯ ಹಿಂದಿನ ಹೆಸರನ್ನಷ್ಟೇ ಗಮನಿಸುವುದರಿಂದ, ಚಿಲ್ಲರೆಯ ‘ಆರ್ಡರ್ಸ್’ ಮತ್ತು ಸಗಟಿನ ‘ಆರ್ಡರ್ಸ್’ ಅದಕ್ಕೆ ಒಂದೇ. ಡೊಮೇನ್ ಸಹಿತ ಪೂರ್ಣ ವಿಳಾಸ ಬರೆಯಬಹುದಾದ ವರ್ಚುವಲ್ ಅಲಿಯಾಸ್ ಪಟ್ಟಿಯೇ ಇದಕ್ಕೆ ತಕ್ಕದ್ದು. ಅಲ್ಲಿ ಕೋಲನ್ ಇಲ್ಲ, ಆಜ್ಞೆಯೂ ಬೇರೆ: ‘ಪೋಸ್ಟ್‌ಮ್ಯಾಪ್’. ಒಂದೇ ಕೆಲಸಕ್ಕೆ ಎರಡು ಬಗೆಯ ಬರವಣಿಗೆ ಇರುವುದು ಹೊಸಬರಿಗೆ ತೊಡಕೆಂದೇ ನನ್ನ ಅಭಿಪ್ರಾಯ. ಆದರೂ ‘ಪೋಸ್ಟ್‌ಮ್ಯಾಪ್’ ಜೊತೆಗೆ ‘-ಕ್ಯೂ’ ಸೇರಿಸಿ ವಿಳಾಸ ಕೊಟ್ಟರೆ, ಪತ್ರ ಕಳುಹಿಸದೆಯೇ ಅದು ಯಾರಿಗೆ ಹೋಗುತ್ತದೆಂದು ಪರೀಕ್ಷಿಸಬಹುದು. ಈ ಅನುಕೂಲ ನನಗೆ ಬಹಳ ಹಿಡಿಸಿದೆ.

ಅಲಿಯಾಸ್ ಮೂಲಕ ಹೊರಗಿನ ಖಾತೆಗೆ ಪತ್ರ ದಾಟಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಗ್ರಾಹಕರ ಪತ್ರ ನಮ್ಮ ಸರ್ವರಿನಿಂದ ಮುಂದೆ ಹೋದಾಗ, ಅವರ ಡೊಮೇನಿನ ಹೆಸರಿನಲ್ಲಿ ಪತ್ರ ಕಳುಹಿಸಬಹುದಾದ ಸರ್ವರುಗಳ ಪಟ್ಟಿಯಾದ ಎಸ್‌ಪಿಎಫ್ ದಾಖಲೆಯಲ್ಲಿ ನಮ್ಮ ಸರ್ವರ್ ಇಲ್ಲದ ಕಾರಣ ಪರೀಕ್ಷೆಯಲ್ಲಿ ಸೋಲುತ್ತದೆ. ಇದಕ್ಕೆ ಬೇಕಾದ, ಕಳುಹಿಸಿದವರ ವಿಳಾಸವನ್ನು ನಮ್ಮ ಡೊಮೇನಿಗೆ ಹೊಂದುವಂತೆ ತಿದ್ದುವ ಎಸ್‌ಆರ್‌ಎಸ್ ವ್ಯವಸ್ಥೆಯನ್ನು ಪ್ರತ್ಯೇಕವಾಗಿ ಜೋಡಿಸಬೇಕು. ತಮ್ಮ ಹಳೆಯ ಖಾತೆಗೇ ಎಲ್ಲವೂ ಬರಲಿ ಎನ್ನುತ್ತಿದ್ದ ಕಾಕಾ ಅವರಿಗೆ ಕೊನೆಗೆ ನಮ್ಮ ಸರ್ವರಿನಲ್ಲಿಯೇ ಪೆಟ್ಟಿಗೆ ತೆರೆದುಕೊಟ್ಟೆ. ಈಗ ‘ಆರ್ಡರ್ಸ್’ ಸಾಲಿನಲ್ಲಿ ಅವರ ಹೆಸರೇ ಮೊದಲು.